ಹೊಸ್ತಿಲಾಚೆಗಿಟ್ಟ ತಾಟು

ಗರ್ಭನಾಳದ ಕ್ಯಾನ್ಸರ್ ಎಂದು ತಿಳಿಸಿದ ದಿನ ಡಾಕ್ಟರು, "ವೆರಿ ರೇರ್, ಅಜ್ಜಿ" ಎಂದಿದ್ದರು. ನಾನು ಓದಿದ ಕಾನ್ವೆಂಟಿನಲ್ಲಿ ಯಾವ ಸಿಸ್ಟರೂ ನನ್ನನ್ನು ರೇರ್ ಎಂದಿರಲಿಲ್ಲ. ಹ್ಯಾಂಡ್‌ರೈಟಿಂಗ್ ನೀಟ್ ಎಂದಿದ್ದರು, ಅಷ್ಟೇ.

ಅದು ಬೇರೆ ಕಡೆಗೂ ಹರಡಿದೆಯೇ ಎಂದು ನೋಡಲು ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ಸ್ಕ್ಯಾನಿಗೆ ಮೊದಲು ಕೊಟ್ಟ ಇಂಜೆಕ್ಷನ್ನಿನಲ್ಲಿ ರೇಡಿಯೇಶನ್ ಇರುತ್ತದಂತೆ. "ಇವತ್ತೊಂದಿನ ಬಸರಿದ್ದವರ ಹತ್ರ ಹೋಗಬ್ಯಾಡ್ರಿ" ಎಂದಳು ನರ್ಸ್. ಮನೆಯಲ್ಲಿ ಮೊಮ್ಮಗಳು ಎಂಟು ತಿಂಗಳ ಬಸುರಿ, ಹೆರಿಗೆಗೆ ತವರಿಗೆ ಬಂದವಳು. ಬಂಗೂರನಗರದ ಮನೆ ಮುಟ್ಟಿದವಳೇ ನಾನು ಮುಂದಿನ ಕೋಣೆ ಸೇರಿಕೊಂಡೆ.

ಸೊಸೆ ತಾಟನ್ನು ಹೊಸ್ತಿಲಾಚೆಗಿಟ್ಟು, "ಅತ್ತಿ, ಊಟ ಇಟ್ಟೇನ್ರಿ" ಎಂದು ಸರಿದು ನಿಲ್ಲುತ್ತಿದ್ದಳು. ಅವಳು ಹೋದ ಮೇಲೆ ನಾನು ಬಗ್ಗಿ ಎಳೆದುಕೊಳ್ಳುತ್ತಿದ್ದೆ.

ಹೀಗೆ ದೂರ ಕೂತದ್ದು ಜೀವಮಾನದಲ್ಲೇ ಮೊದಲು. ಮುಟ್ಟಾದರೂ ನಮ್ಮಲ್ಲಿ ಯಾರೂ ಹೊರಗೆ ಕೂರುವುದಿಲ್ಲ. "ಮೈಮ್ಯಾಲ ಲಿಂಗ ಐತಿ, ನಮಗೆಲ್ಲಿ ಮೈಲಿಗಿ? ಬಾ, ರೊಟ್ಟಿ ಬಡಿ" ಎನ್ನುತ್ತಿದ್ದಳು ನನ್ನ ತವರೂರು ಸಾಂಬ್ರಾಣಿಯಲ್ಲಿ ಅವ್ವ. ಹಾಸ್ಟೆಲಿನಲ್ಲಿ ಆ ದಿನಗಳಲ್ಲಿ ಮೂಲೆಗೆ ಚಾಪೆ ಹಾಸಿಕೊಳ್ಳುತ್ತಿದ್ದ ಗೆಳತಿಯರೆದುರು ನಾನು, "ಇನ್ ಅವರ್ ಹೌಸ್, ನೋ ಸಚ್ ಥಿಂಗ್" ಎಂದು ಜಂಬ ಕೊಚ್ಚಿಕೊಂಡದ್ದುಂಟು. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ, ಈಗ, ನನ್ನದೂ ಒಂದು ಮೂಲೆ.

ಒಂದು ದಿನ ಕಳೆಯಿತು. ನಾನು ಈಚೆ ಬರಲಿಲ್ಲ. ಇಂಜೆಕ್ಷನ್ ಇಳಿದಿರಬಹುದು, ಒಳಗಿನದು ಇಳಿದಿಲ್ಲವಲ್ಲ. ರಿಪೋರ್ಟ್ ಬರಲಿ ಎಂದುಬಿಟ್ಟೆ. ಕಿಟಕಿಯಿಂದ ಕಾಣುವುದು ಎದುರಿನ ಕಾಂಪೌಂಡ್ ಗೋಡೆ, ಅದರ ಮೇಲೆ ಊರಿನ ಪೇಪರ್ ಮಿಲ್ಲಿನ ಹೊಗೆ. ಶಿಫ್ಟಿನ ಭೋಂಗಾ ಊದುತ್ತಿತ್ತು, ಮಿಲ್ಲಿನವರು ಹೋಗುತ್ತಿದ್ದರು, ಬರುತ್ತಿದ್ದರು. ನಾನು ಗೋಡೆ ನೋಡುತ್ತ ಕೂತಿರುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಹಾಲ್‌ನಲ್ಲಿಟ್ಟಿದ್ದ ಮನೆಯ ಮೊಬೈಲ್ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಗೆ ಕೊಟ್ಟದ್ದು ಅದೇ ನಂಬರು. ಮಗ ಮಿಲ್ಲಿನಲ್ಲಿ, ಸೊಸೆ ಸಂತೆಗೆ ಹೋಗಿದ್ದಳು. ನನ್ನ ಬಾಗಿಲ ಪಕ್ಕದಲ್ಲೇ ಮೊಮ್ಮಗಳು ಗೋಡೆಗೊರಗಿ ಕೂತಿದ್ದಳು.

"ಆಯಿ, ಫೋನ್ ಎತ್ತು. ನಂಗ ಏಳಾಕ ಆಗವಲ್ದು."

"ನಾ ಹೊರಗ ಬರಾಂಗಿಲ್ಲವಾ."

"ನರ್ಸ್ ಹೇಳಿದ್ದು ಒಂದ ದಿನ. ನೀ ಏನು ಲೈಫ್ ಸೆಂಟೆನ್ಸ್ ತಗೊಂಡು ಕುಂತಿ?"

ಫೋನ್ ನಿಲ್ಲಲಿಲ್ಲ. ಅವಳಿಂದ ಆದಷ್ಟು ದೂರ, ಆಚೆ ಗೋಡೆಗೆ ಮೈ ಒತ್ತಿಕೊಂಡು ಹೋಗಿ ಎತ್ತಿದೆ.

"ಬಂತೇನ ಅಕ್ಕಾ, ರಿಪೋರ್ಟು?" ಸಾಂಬ್ರಾಣಿಯಿಂದ ತಂಗಿ.

"ಇಲ್ಲವಾ. ನಿನ್ನ ಫೋನಿಗೆ ಎದಿ ಒಡದು ಸಾಯ್ತಿದ್ದೆ ನಾ."

"ಹಂಗಾರ ಇಡ್ತೇನಿ. ಅವರು ಮಾಡಿದ್ರ ಎಂಗೇಜ್ ಬರಬಾರದು."

ಕೋಣೆಗೆ ಮರಳೋಣವೆಂದು ತಿರುಗಿದರೆ ಮೊಮ್ಮಗಳು ಊದಿದ ಎರಡೂ ಕಾಲುಗಳನ್ನು ಬಾಗಿಲಿಗೆ ಅಡ್ಡ ಚಾಚಿದ್ದಳು.

"ತಗಿ ಕಾಲು."

"ತಗಿಯಾಂಗಿಲ್ಲ. ದಾಟಿ ಹೋಗು ನೋಡೂಣು."

ಬಸುರಿಯ ಕಾಲು ದಾಟುವುದಿಲ್ಲ ನಮ್ಮಲ್ಲಿ. ಮೈಲಿಗೆ ನಂಬದ ಅವ್ವನೂ ದಾಟಿದವಳಲ್ಲ. ಅದು ಇವಳಿಗೆ ಚೆನ್ನಾಗಿ ಗೊತ್ತು.

ಫೋನಿನ ಚಾರ್ಜ್ ಮುಗಿಯುತ್ತ ಬಂದಿತ್ತು. ಪ್ಲಗ್ಗಿಗೆ ಹಾಕಿದೆ, ವೈರು ಗಿಡ್ಡ. ಅದರ ಬುಡದಲ್ಲೇ ನೆಲಕ್ಕೆ ಕೂತೆ. ಫೋನ್ ಬಿಟ್ಟು ಏಳುವಂತಿರಲಿಲ್ಲ, ಕಾಲು ದಾಟಿ ಹೋಗುವಂತಿರಲಿಲ್ಲ. ಮೊಮ್ಮಗಳಿಗೆ ಅಲ್ಲೇ ಜೊಂಪು ಹತ್ತಿತು. ಬಾಗಿಲಾಚೆ ಕೋಣೆಯೊಳಗೆ, ನಾನು ಎಳೆದಿಟ್ಟುಕೊಂಡ ಬೆಳಗಿನ ತಾಟು ಇನ್ನೂ ಹಾಗೇ ಇತ್ತು. ರೊಟ್ಟಿ ಒಣಗಿ ಅಂಚು ಮೇಲೆದ್ದಿತ್ತು. ಭೋಂಗಾ ಊದಿತು. ಫೋನ್ ಹೊಡೆದುಕೊಳ್ಳಲಿಲ್ಲ.