ಹಿಂದೆಯೇ ಬರುತ್ತೇನೆಂದ ಗಂಗಲಕ್ಷ್ಮಮ್ಮ

ವಿಜಯನಗರದಲ್ಲಿ ರವಿಕೆ ಹೊಲಿಯುವ ಗಂಗಲಕ್ಷ್ಮಮ್ಮನಿಗೆ ಆ ದಿನ ಯಾವ ಹೊಲಿಗೆಯೂ ನೆಟ್ಟಗೆ ಬರಲಿಲ್ಲ. ಅಂಗಡಿಯೆದುರಿನ ಮೆಟ್ರೋ ಕಂಬದ ಕೆಳಗೆ, ತನ್ನ ಹೆಸರೂ ಹೇಳಲಾರದ ಹೆಂಗಸೊಬ್ಬಳು ಮಳೆಗಾಲದಿಂದ ಕೂತಿದ್ದಳು. ಗಂಗಲಕ್ಷ್ಮಮ್ಮ ಅವಳಿಗೆ ಊಟ ಕೊಡುತ್ತಿದ್ದರು, ತಲೆ ಬಾಚುತ್ತಿದ್ದರು. ಅವಳ ಕಾಲಿನ ಗಾಯದಲ್ಲಿ ಕೀವು ತುಂಬಿದಾಗ ಹೆದರಿ, ಕೆಂಗೇರಿಯ ಆಶ್ರಯಧಾಮವೊಂದಕ್ಕೆ ತಾವೇ ಫೋನ್ ಮಾಡಿದ್ದರು.

ಆ ದಿನ ಬೆಳಿಗ್ಗೆ ಅಲ್ಲಿಂದ ಸಮಾಜ ಕಾರ್ಯಕರ್ತೆ ರಂಜಿನಿ ವ್ಯಾನ್ ತಂದಳು. ಹೆಂಗಸು ಕಿರುಚುತ್ತಾ ಕಂಬವನ್ನು ತಬ್ಬಿಕೊಂಡಳು.

"ಹತ್ತವ್ವಾ, ನಾನೂ ಹಿಂದೇನೇ ಬರ್ತೀನಿ," ಎಂದು ಗಂಗಲಕ್ಷ್ಮಮ್ಮ ರಮಿಸಿ ಹತ್ತಿಸಿದರು. ಆದರೆ ಮದುವೆಮನೆಯ ರವಿಕೆಗಳನ್ನು ಅಂದೇ ಕೊಡಬೇಕಿತ್ತು. ಹೋಗಲಿಲ್ಲ.

ಒಂದೇ ತೋಳನ್ನು ಹೊಲಿದರು, ಬಿಚ್ಚಿದರು, ಮತ್ತೆ ಹೊಲಿದರು. ಕಣ್ಣು ಕಂಬದ ಕಡೆಗೇ ಹೋಗುತ್ತಿತ್ತು. ಮಧ್ಯಾಹ್ನ ಷಟರ್ ಎಳೆದು ಕೆಂಗೇರಿಯ ಬಸ್ ಹತ್ತಿದರು.

ಆಶ್ರಯಧಾಮದಲ್ಲಿ ಹೆಂಗಸು ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಹತ್ರ ಹೋದ್ರೆ ಹೊಡೀತಾರೆ ಆಂಟಿ. ಡ್ರೆಸ್ಸಿಂಗ್ ಮಾಡೋಕೂ ಬಿಡ್ತಿಲ್ಲ. ನಿಮಗೇ ಫೋನ್ ಮಾಡೋಣ ಅಂತಿದ್ದೆ," ಎಂದಳು ರಂಜಿನಿ.

ಗಂಗಲಕ್ಷ್ಮಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತರು. "ತಡ ಮಾಡ್ಬಿಟ್ಟೆ ಕಣವ್ವಾ. ಬೈಯಿ ನನ್ನ."

ಹೆಂಗಸು ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕಾಲು ಚಾಚಿದಳು. ರಂಜಿನಿ ಬೋಗುಣಿ ಹಿಡಿದಳು. ನರ್ಸ್ ಗಾಯ ತೊಳೆದು ಮುಗಿಸುವವರೆಗೂ ಗಂಗಲಕ್ಷ್ಮಮ್ಮ ಅವಳ ಕೈ ಬಿಡಲಿಲ್ಲ.