ಕಿಡ್ನಿ ಉಳಸ್ಕೊಳ್ಳಾಕ ನೀರು ಬಿಟ್ಟ ಕಾಕಾ

ಗೆಳೆಯರ, ಬೈಲಹೊಂಗಲದ ಸೈಬರ್ ಕೆಫೆದಾಗ ಕುಂತು ಬರಿಯಾಕ ಹತ್ತೇನಿ. ಇವತ್ತ ಮಧ್ಯಾಹ್ನ ನಮ್ಮ ಕಾಕಾ ಹತ್ತಿ ಹೊಲದಾಗ ತಲಿ ತಿರುಗಿ ಬಿದ್ದ್ರು. ದವಾಖಾನಿಗೆ ಒಯ್ದ್ವಿ. ಡಾಕ್ಟರ್ ನಾಲಿಗಿ ನೋಡಿ, "ಇವರು ನೀರು ಕುಡದಿಲ್ಲೇನ್ರಿ?" ಅಂತ ಬೈದು ಸಲಾಯಿನ್ ಹಚ್ಚಿದ್ರು.

ಎಚ್ಚರಾದ ಮ್ಯಾಲ ಕಾಕಾನ್ನ ಕೇಳಿದೆ.

"ನೀನ ಹೇಳಿದೆಲ್ಲವಾ, ಕಿಡ್ನಿ ಚೂರಚೂರ ಉಚ್ಚಿಯೊಳಗ ಹೋಗತೈತಿ ಅಂತ! ಅದಕ್ಕ ನಿನ್ನೆಯಿಂದ ನೀರು ಬಿಟ್ಟೇನಿ."

ಧಾರವಾಡದಾಗ ನಾ ಸಂಶೋಧನಾ ಮಾಡೂದು ಇದರ ಮ್ಯಾಲನ. ಕಿಡ್ನಿಯ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನ ಮೂತ್ರದಾಗ ಬಿಡತಾವ, ಅವನ್ನ ನೋಡಿ ಕಿಡ್ನಿ ಹೆಂಗೈತಿ ಅಂತ ತಿಳಿಯಾಕ ಬರಬಹುದು. ನಿನ್ನೆ ಊರಿಗೆ ಬಂದು ಕಾಕಾನ ಜೋಡಿ ಊಟಕ್ಕ ಕುಂತಾಗ ಹೇಳಿದ್ದು ಇಷ್ಟ.

"ಕಾಕಾ, ಅದು ಎಲ್ಲಾರಿಗೂ ಆಗತೈತ್ರಿ. ಅದರಿಂದ ಕಿಡ್ನಿ ಸವೆಯೂದಿಲ್ಲ. ನೀರು ಬಿಟ್ರ ಕೆಡತೈತಿ!"

"ಖರೇನ?" ಅಂದವರ ಗಟಗಟ ನೀರು ಕುಡದ್ರು. ಆದ್ರ ಉಚ್ಚಿ ಮಾತ್ರ ಬರವಲ್ದು. ಡಾಕ್ಟರ್ ಮಾರಿ ಸಣ್ಣದಾತು, ಕಾಕಾನ ಹೆಂಡ್ತಿ, ನಮ್ಮ ಕಾಕು, ದೇವರ ಹೆಸರು ಹೇಳಾಕ ಹತ್ತಿದ್ರು.

ಸಂಜಿಮುಂದ ಕಾಕಾ ಎದ್ದು ಸಂಡಾಸಕ್ಕ ಹೋಗಿ, ನಕ್ಕೋತ ಹೊರಗ ಬಂದ್ರು.

ಸಂಶೋಧನಾ ಅಂತ ಎಷ್ಟೋ ಮಂದಿ ಉಚ್ಚಿ ನೋಡೇನಿ. ಒಬ್ಬರು ಉಚ್ಚಿ ಹೊಯ್ದಿದ್ದಕ್ಕ ಕಣ್ಣೀರು ಬಂದದ್ದು ಇವತ್ತ ಮೊದಲು.