ಒಬ್ಬನ ಬಿಲ್ಲೆ, ಮೂವರ ಜೀವ

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ಕಂಪ್ಯೂಟರಿನ ಸುದ್ದಿ ಬರೆಯಾಕ ಕುಂತಾನಂದ್ರ ಮಂದಿ ನಗತಾರ. ನಗಲಿ. ನನ್ನ ಮೊಮ್ಮಗಳ ಸುದ್ದಿ ನಾನಲ್ಲದೆ ಯಾರು ಬರೀಬೇಕು? ಹಿಗ್ಗು ಎದೆ ತುಂಬಿ ಹರೀಲಿಕತ್ತದ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದು, ಅದನ್ನು ಮೊದಲು ಕಾರಿಕೊಳ್ಳತೀನಿ.

ಮಗಳ ಮಗಳು ವಾಡಿಯ ನಮ್ಮ ಮನೆಯಲ್ಲಿದ್ದು, ದಿನಾ ರೈಲಿಗೆ ಗುಲ್ಬರ್ಗಾಕ್ಕೆ ಹೋಗಿ ಇಂಜಿನಿಯರಿಂಗ್ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟು: ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದನ್ನು ಓಡಿಸುವುದು. ಹೊರಗಿನ ಕಂಪ್ಯೂಟರಿಗೆ ಕರ್ನಲ್ ಎಂಬ ಯಜಮಾನ ಪ್ರೋಗ್ರಾಂ ಇರುತ್ತದಂತೆ. ಅದಕ್ಕೆ ಮಾಡ್ಯೂಲ್ ಅಂತ ಒಂದು ತುಂಡು ತಾನೇ ಬರೆದು ಜೋಡಿಸಿದ್ದಳು. ಬೇಕಾದಾಗ ಹಚ್ಚಬಹುದು, ಬೇಡವಾದಾಗ ತೆಗೆಯಬಹುದು. ಬಳಸುವವರು ಇನ್ನೂ ಇದ್ದರೆ ಮಾತ್ರ ತೆಗೆಯಬಾರದು. ಅದಕ್ಕೇ ಕರ್ನಲ್ ಬಳಸುವವರ ಎಣಿಕೆ ಇಡುತ್ತದೆ. ಸೊನ್ನೆ ಆದಮೇಲೆಯೇ ತೆಗೆಯುವುದು.

ಒಂದು ಭಾನುವಾರ ರೊಟ್ಟಿ ಮುರಿಯದೆ ಕೂತಿದ್ದಳು. "ಮುತ್ಯಾ, ಎಣಿಕಿ ಸೊನ್ನಿ ತೋರಸ್ತದ. ಮಾಡ್ಯೂಲ್ ತೆಗದ್ರ ಇಡೀ ಕಂಪ್ಯೂಟರ್ ಸತ್ತು ಬೀಳ್ತದ."

"ಬಳಸವ್ರು ಎಷ್ಟು ಮಂದಿ?"

"ಒಳಗಿನ ಕಂಪ್ಯೂಟರ್ ಒಂದು, ಅದರ ಪ್ರೊಸೆಸರ್ ಎರಡು. ಒಳಗಿನ ಕಂಪ್ಯೂಟರೇ ಮುಖ್ಯದ್ದು, ಅದರ ಹೆಸರಿಗೆ ಒಂದೇ ಎಣಿಸೀನಿ. ಉಳಿದೆರಡು ಅದರ ಹಿಂದೇ ಬರ್ತಾವಲ್ಲ."

ನನ್ನ ಮೈ ಉರಿಯಿತು. ಇದೇ ಮಾತನ್ನು ಹದಿನೈದು ವರ್ಷದ ಹಿಂದೆ ಕೇಳಿದ್ದೆ.

ಶಹಾಬಾದ್ ಕಡೆ ಕಲ್ಲು ಪುಡಿ ಮಾಡುವ ಗಿರಣಿಯೊಂದಿತ್ತು, ಈಗ ಇಲ್ಲ. ನಾನು ಅದನ್ನು ಚಾಲೂ ಮಾಡುವ ಗುಂಡಿ ಒತ್ತುವವನು. ರಿಪೇರಿಗೆ ಒಳಗಿಳಿಯುವ ಪ್ರತಿಯೊಬ್ಬನೂ ತನ್ನ ಹಿತ್ತಾಳೆ ಬಿಲ್ಲೆಯನ್ನು ಗುಂಡಿಯ ಮೇಲಿನ ಮೊಳೆಗೆ ಹಾಕಬೇಕು, ಹೊರಬಂದು ತಾನೇ ತೆಗೆಯಬೇಕು. ಮೊಳೆ ಖಾಲಿಯಾದರೆ ನಾನು ಒತ್ತಬೇಕು. ಮೇಸ್ತ್ರಿಗೆ ದೊಡ್ಡಸ್ತಿಕೆ. "ನಾ ಹಿರ್ಯಾ ಇದೀನಿ, ನನ್ನ ಬಿಲ್ಲಿ ಸಾಕು. ಇವ್ರು ನನ್ನ ಹಿಂದೇ ಬರವ್ರು," ಅಂತಿದ್ದ. ಹಿರಿಯನ ಮಾತು ಹ್ಯಾಂಗ ಮುರಿಯೋದಂತ ನಾವೂ ಬಾಯಿ ಮುಚ್ಚಿಕೊಂಡಿದ್ದೆವು. ಒಂದು ದಿನ ಬೀಡಿ ಸೇದಲು ಅವನೊಬ್ಬನೇ ಹೊರಬಂದು ಬಿಲ್ಲೆ ಜೇಬಿಗಿಳಿಸಿದ. ಮೊಳೆ ಖಾಲಿ. ನಾನು ಒತ್ತಿದೆ. ಒಳಗೆ ಇಬ್ಬರಿದ್ದರು. ಒಬ್ಬ ಜಿಗಿದು ಉಳಿದ. ಇನ್ನೊಬ್ಬ ನನ್ನ ಹೆಂಡತಿಯ ತಮ್ಮ. ಅವನ ಪಾದ ಹೋಯಿತು.

"ಮೊಳಿ ಖಾಲಿ ಇತ್ತಲ್ರೀ, ನಂದೇನು ತಪ್ಪು?" ಅಂದ ಆ ಹಲ್ಕಟ್ ಮೇಸ್ತ್ರಿ. ಇವತ್ತಿಗೂ ನೆನೆದರೆ ಹಲ್ಲು ಕಡಿಯುತ್ತೇನೆ. ಮೊಳೆಗೆ ಸುಳ್ಳು ಕಲಿಸಿದವರಲ್ಲಿ ನಾನೂ ಒಬ್ಬ.

ಇದನ್ನೆಲ್ಲ ಕೇಳಿ ಮೊಮ್ಮಗಳು ರೊಟ್ಟಿ ತಟ್ಟೆ ಸರಿಸಿ ಕಂಪ್ಯೂಟರ್ ತೆರೆದಳು. ಆಮೇಲೆ, "ಮೂರಕ್ಕೂ ಬ್ಯಾರೆ ಬ್ಯಾರೆ ಬಿಲ್ಲಿ ಕೊಡಬೇಕು, ಮುತ್ಯಾ," ಅಂದಳು.

ಮರುದಿನ ಕಾಲೇಜಿನಿಂದ ಸಪ್ಪೆ ಮೋರೆಯಲ್ಲಿ ಬಂದಳು. ಅವಳ ಸರ್ ಹೇಳಿದ್ದರಂತೆ: "ನಾಲ್ಕು ದಿನಕ್ಕ ಪರೀಕ್ಷಾ ಅದ, ಕೈ ಹಚ್ಚಿ ಕೆಡಿಸಿದ್ರ ವರ್ಷ ಹೋಗ್ತದ. ಮೊದಲು ಪ್ರೊಸೆಸರ್ ಮುಚ್ಚು, ಆಮ್ಯಾಲ ಮುಖ್ಯದ್ದು. ತಪ್ಪು ಯಾರಿಗೂ ಕಾಣಂಗಿಲ್ಲ."

"ನಿಮ್ಮ ಸರ್ ನಮ್ಮ ಮೇಸ್ತ್ರಿ ತಮ್ಮ ಏನು?" ಅಂತ ಒದರಿದೆ.

ಹೆಂಡತಿ ಒಳಗಿಂದ, "ಕೂಸಿನ ಮ್ಯಾಲ ಯಾಕ ಹಾರಾಡ್ತೀರಿ?"

"ಕೂಸಿನ ಮ್ಯಾಲಲ್ಲ, ಆ ಸರ್ ಮ್ಯಾಲ!"

"ಅವ್ರು ಗುಲ್ಬರ್ಗಾದಾಗ ಅದಾರ. ಇನ್ನೊಂದೀಟು ಜೋರು ಒದರ್ರಿ, ಕೇಳಿಸ್ತದ."

ಹುಡುಗಿ ಮೂರು ದಿನ ಕೂತು ತಿದ್ದಿದಳು. ಪರೀಕ್ಷೆಯ ದಿನ ಇಸ್ತ್ರಿ ಧೋತ್ರ ಉಟ್ಟು ನಾನೂ ಹೋಗಿ ಬಾಗಿಲಲ್ಲಿ ನಿಂತೆ. ಎಲ್ಲರೆದುರು ಬೇಕಂತಲೇ ಮುಖ್ಯದ್ದನ್ನು ಮೊದಲು ಮುಚ್ಚಿದಳು. ಸರ್ ಮುಖ ಬಿಳಿಚಿತು. ಮಾಡ್ಯೂಲ್ ತೆಗೆಯಲು ಹೇಳಿದಳು. ಕಂಪ್ಯೂಟರ್ ಒಪ್ಪಲಿಲ್ಲ: ಇನ್ನೂ ಬಳಕೆಯಲ್ಲಿದೆ. ಆಮೇಲೆ ಪ್ರೊಸೆಸರ್ ಎರಡನ್ನೂ ಮುಚ್ಚಿದಳು. ಈಗ ಮಾಡ್ಯೂಲ್ ಸಲೀಸಾಗಿ ಹೊರಬಂತು, ಕಂಪ್ಯೂಟರಿಗೆ ಏನೂ ಆಗಲಿಲ್ಲ. ಪರೀಕ್ಷಕರು ತಲೆದೂಗಿದರು.

"ನಾನೇ ಹೇಳಿ ಮಾಡಿಸಿದ್ದು," ಅಂದರು ಸರ್.

"ಖೋಟಾ ಮಾತ್ಯಾಕ್ರೀ? ಮುಚ್ಚಿಡು ಅಂದಿದ್ರಿ ನೀವು!" ಅಂದೇ ಬಿಟ್ಟೆ. ಮೊಮ್ಮಗಳು ನನ್ನ ರಟ್ಟೆ ಹಿಡಿದು ಹೊರಗೆಳೆದಳು. ನಗುತ್ತಿದ್ದಳು.

ಮನೆ ಕಟ್ಟೆಯ ಮೇಲೆ ಹೆಂಡತಿಯ ತಮ್ಮ ಕೋಲು ಹಿಡಿದು ಕಾಯುತ್ತಿದ್ದ. "ಏನಾತು?"

"ಒಳಗ ಮಂದಿ ಇರೋತನಕ ತೆಗಿಯಂಗಿಲ್ಲ ಅಂತು ಕಂಪ್ಯೂಟರ್," ಅಂದೆ.

"ಅದಕ್ಕ ನಿನಗಿಂತ ಬುದ್ಧಿ ಅದ ನೋಡು, ಮಾವಾ."

ಹದಿನೈದು ವರ್ಷದಲ್ಲಿ ಆ ಗುಂಡಿಯ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮೊಮ್ಮಗಳು ಮೊದಲ ಪೇಡೆ ಅವನ ಕೈಗಿಟ್ಟಳು. ಅವನು ಅರ್ಧ ಮುರಿದು ನನ್ನ ಬಾಯಿಗೆ ಹಾಕಿದ.